ಬೆಂಕಿ ಅನಾಹುತಕ್ಕೀಡಾದ ಮನೆಯ ಶುಚೀಕರಣ ಹಾಗೂ ದುರಸ್ತಿ ವೆಚ್ಚ: ಅರ್ಜಿದಾರರಿಗೆ ಮಾಹಿತಿ

ವಾಸದ ಮನೆಗೆ ಬೆಂಕಿ ತಗುಲಿ ನಷ್ಟಕ್ಕೀಡಾದ ಕುಟುಂಬಗಳು ಪರಿಹಾರಕ್ಕಾಗಿ ಅರ್ಜಿ ಸಲ್ಲಿಸುವ ಸಂದರ್ಭದಲ್ಲಿ, ಮನೆಯನ್ನು ಶುಚಿಗೊಳಿಸಿ ಪುನಃ ವಾಸಯೋಗ್ಯವಾಗಿಸಲು ತಗಲುವ ವೆಚ್ಚದ ಬಗ್ಗೆ ಹಲವಾರು ಸಂದೇಹಗಳು ಉದ್ಭವಿಸುತ್ತವೆ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಹೋಬಳಿ ಹಾಗೂ ನೆರೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ತಾಲ್ಲೂಕುಗಳ ನಾಗರಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮೊದಲಿಗೆ ತಿಳಿದಿರಬೇಕಾದ ಸಂಗತಿಯೆಂದರೆ, ವಿಪತ್ತು ಪರಿಹಾರದ ನಿಯಮಗಳಲ್ಲಿ ಶುಚೀಕರಣ ವೆಚ್ಚ ಎಂಬ ಪ್ರತ್ಯೇಕ ಶೀರ್ಷಿಕೆ ಇರುವುದಿಲ್ಲ. ಪರಿಹಾರವು ಕಟ್ಟಡಕ್ಕೆ ಆದ ಹಾನಿಯನ್ನು ಅಳೆದು ನಿಗದಿಯಾಗುವಂಥದ್ದು. ಅಳೆಯುವುದಕ್ಕೆ ಮುನ್ನವೇ ಮನೆಯನ್ನು ತೊಳೆದು ಬಳಿದರೆ ಹಾನಿಯ ಗುರುತು ಅಳಿಯುತ್ತದೆ; ತೊಳೆಯದೆ ಬಹಳ ದಿನ ಬಿಟ್ಟರೆ ಮಸಿಯೇ ಮನೆಯನ್ನು ಮತ್ತಷ್ಟು ಹಾಳುಮಾಡುತ್ತದೆ. ಆದುದರಿಂದ ಯಾವ ಕೆಲಸ ಮೊದಲು, ಯಾವುದು ನಂತರ ಎಂಬ ಕ್ರಮವೇ ಇಲ್ಲಿ ಹಣದಷ್ಟು ಮುಖ್ಯವಾಗಿದೆ.

ಶುಚಿಗೊಳಿಸುವ ಮುನ್ನ

ಬೆಂಕಿ ಅವಘಡದ ಕರೆಗೆ 112 ಅಥವಾ 101, ಅಡುಗೆ ಅನಿಲ ಸೋರಿಕೆಗೆ 1906, ವಿದ್ಯುತ್ ಸಂಪರ್ಕ ಕಡಿತಗೊಳಿಸಲು 1912 ಸಂಖ್ಯೆಗಳನ್ನು ಬಳಸತಕ್ಕದ್ದು. ಬೆಂಕಿ ನಂದಿದ ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೆ (ಹಿಂದಿನ ಗ್ರಾಮ ಲೆಕ್ಕಿಗರು) ವಿಷಯ ತಿಳಿಸಿ, ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಅಗ್ನಿಶಾಮಕ ವಾಹನ ಬಂದು ಕಾರ್ಯಾಚರಣೆ ನಡೆಸಿದ್ದಲ್ಲಿ ಸಂಬಂಧಪಟ್ಟ ಠಾಣೆಗೆ ಅರ್ಜಿ ಸಲ್ಲಿಸಿ ಅಗ್ನಿ ವರದಿಯನ್ನು ಪಡೆಯಬಹುದು. ವಾಹನ ತಲುಪುವ ಮೊದಲೇ ಗ್ರಾಮಸ್ಥರು ಕೊಡ, ಪಂಪ್‌ಸೆಟ್ಟುಗಳಿಂದ ಬೆಂಕಿ ನಂದಿಸಿದ್ದರೆ ಅಂತಹ ವರದಿ ಇರುವುದಿಲ್ಲ. ಹಳ್ಳಿಗಳಲ್ಲಿ ಇದು ಅಪರೂಪವೇನಲ್ಲ. ಆಗ ಸ್ಥಳ ಮಹಜರಿನಲ್ಲಿ ಈ ಸಂಗತಿಯೂ ನೆರೆಹೊರೆಯವರ ಹೇಳಿಕೆಯೂ ನಮೂದಾಗುವಂತೆ ಅರ್ಜಿದಾರರು ನೋಡಿಕೊಳ್ಳಬೇಕು.

ಮಹಜರು ಆಗುವವರೆಗೆ ಪ್ರತಿ ಕೋಣೆಯ ನಾಲ್ಕು ಗೋಡೆ, ಛಾವಣಿ ಮತ್ತು ನೆಲದ ಛಾಯಾಚಿತ್ರ ತೆಗೆದಿಡುವುದು ಸೂಕ್ತ. ಸುಟ್ಟ ಪಾತ್ರೆ, ಪೆಟ್ಟಿಗೆ, ಕಾಳಿನ ಚೀಲಗಳನ್ನು ಎಸೆಯದೆ ಅಂಗಳದ ಒಂದು ಬದಿಗೆ ರಾಶಿ ಹಾಕಿಡಬೇಕು. ಎಷ್ಟು ಚೀಲ ಮೆಕ್ಕೆಜೋಳ, ಎಷ್ಟು ಚೀಲ ಜೋಳ ಎಂಬುದನ್ನು ಬೂದಿಯಾದ ಮೇಲೆ ಯಾರೂ ಎಣಿಸಲಾರರು.

ನಿಯಮಾನುಸಾರ ದೊರೆಯುವ ಮೊತ್ತ

ಬೆಂಕಿಯು ರಾಜ್ಯ ವಿಪತ್ತು ಪ್ರತಿಸ್ಪಂದನ ನಿಧಿಯಿಂದ ನೆರವು ನೀಡಬಹುದಾದ ಅಧಿಸೂಚಿತ ವಿಪತ್ತುಗಳಲ್ಲಿ ಒಂದಾಗಿದೆ. ಕೇಂದ್ರ ಗೃಹ ಸಚಿವಾಲಯವು 2022–23ರಿಂದ 2025–26ರ ಅವಧಿಗೆ ನಿಗದಿಪಡಿಸಿದ ದರಗಳಂತೆ, ಬಯಲು ಪ್ರದೇಶದಲ್ಲಿ ಪೂರ್ಣವಾಗಿ ಅಥವಾ ತೀವ್ರವಾಗಿ ಹಾನಿಗೊಂಡ ಮನೆಗೆ 1,20,000 ರೂ. ನೀಡಲು ಅವಕಾಶ ಕಲ್ಪಿಸಲಾಗಿದೆ. ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿಗೊಂಡ ಪಕ್ಕಾ ಮನೆಗೆ 6,500 ರೂ., ಕಚ್ಚಾ ಮನೆಗೆ 4,000 ರೂ. ನಿಗದಿಯಾಗಿದೆ. ಗುಡಿಸಲಿಗೆ 8,000 ರೂ., ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆಗೆ 3,000 ರೂ. ಮನೆ ಪೂರ್ಣ ನಾಶವಾದ ಕುಟುಂಬಕ್ಕೆ ಬಟ್ಟೆಬರೆಗಾಗಿ 2,500 ರೂ. ಹಾಗೂ ಪಾತ್ರೆ, ಗೃಹೋಪಯೋಗಿ ವಸ್ತುಗಳಿಗಾಗಿ 2,500 ರೂ. ಪ್ರತ್ಯೇಕವಾಗಿದೆ. ಮನೆಯು ಅಧಿಕೃತ ನಿರ್ಮಾಣವೆಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಿರಬೇಕೆಂಬ ಷರತ್ತೂ ಇದೆ. 2019ರ ನೆರೆಯಲ್ಲಿ ಪೂರ್ಣ ಕುಸಿದ ಮನೆಗಳಿಗೆ ರಾಜ್ಯ ಸರ್ಕಾರವು ಘೋಷಿಸಿದ 5 ಲಕ್ಷ ರೂ. ನೆರೆ ಸಂತ್ರಸ್ತರಿಗೆ ಸಂಬಂಧಿಸಿದುದಾಗಿದ್ದು, ಬೆಂಕಿ ಪ್ರಕರಣಗಳಿಗೆ ಅದನ್ನು ಆಧಾರವಾಗಿ ಉಲ್ಲೇಖಿಸುವುದು ಪ್ರಯೋಜನಕಾರಿಯಲ್ಲ.

ಈ ಮೊತ್ತಗಳನ್ನು ಕೂಲಿಯ ಲೆಕ್ಕದಲ್ಲಿ ನೋಡಿದರೆ ಅವುಗಳ ಮಿತಿ ಸ್ಪಷ್ಟವಾಗುತ್ತದೆ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂ. ಇತ್ತು. ಆ ದರದಲ್ಲಿ 6,500 ರೂ. ಎಂದರೆ ಸುಮಾರು ಹದಿನೇಳೂವರೆ ಆಳುದಿನ, 4,000 ರೂ. ಎಂದರೆ ಹನ್ನೊಂದು ಆಳುದಿನಕ್ಕೂ ಕಡಿಮೆ. ಸುಣ್ಣ, ತಗಡು, ತಂತಿ, ಟ್ರ್ಯಾಕ್ಟರ್ ಬಾಡಿಗೆ ಇದರಲ್ಲಿ ಸೇರಿಲ್ಲ. ಗೋಡೆ, ಛಾವಣಿ ನಿಂತಿದ್ದು ಒಳಗೆಲ್ಲ ಮಸಿ ಹಿಡಿದ ಮನೆಯ ಹಾನಿಯು ಶೇ. 15ಕ್ಕಿಂತ ಕಡಿಮೆಯೆಂದು ದಾಖಲಾದಲ್ಲಿ ಮನೆ ಹಾನಿಯ ಶೀರ್ಷಿಕೆಯಡಿ ಏನೂ ದೊರೆಯುವುದಿಲ್ಲ. ಆದರೆ ಶುಚೀಕರಣದ ಹೊರೆ ಅತಿ ಹೆಚ್ಚಾಗಿರುವುದು ಇಂತಹ ಮನೆಗಳಲ್ಲಿಯೇ.

ಮಹಜರಿನಲ್ಲಿ ಬಿಟ್ಟುಹೋಗುವ ಹಾನಿ

ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಹಾನಿ ದೊಡ್ಡದು. ಆದುದರಿಂದ ಪರಿಶೀಲನಾ ಸಮಯದಲ್ಲಿ ಅರ್ಜಿದಾರರು ಖುದ್ದು ಹಾಜರಿದ್ದು ಕೆಳಕಂಡ ಅಂಶಗಳನ್ನು ಅಧಿಕಾರಿಗಳ ಗಮನಕ್ಕೆ ತರತಕ್ಕದ್ದು.

ಕಾಂಕ್ರೀಟ್ ಛಾವಣಿಯು ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮೀರಿದಾಗ ಅನೇಕ ವೇಳೆ ನಸುಗೆಂಪು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ಅದರ ಬಲ ಕುಂದಲಾರಂಭಿಸುತ್ತದೆ. ಮಸಿಯನ್ನು ಸ್ವಲ್ಪ ಕೆರೆದು ನೋಡಿದರೆ ಬಣ್ಣ ಕಾಣುತ್ತದೆ. ಕಲ್ಲಿನ ಚಪ್ಪಡಿಗಳು ಕಾದಿರುವಾಗ ತಣ್ಣೀರು ಬಿದ್ದರೆ ಸೀಳುತ್ತವೆ, ಕೆಲವೊಮ್ಮೆ ಸೀಳು ಕೂದಲೆಳೆಯಷ್ಟೇ ಇರುತ್ತದೆ. ಮರದ ತೊಲೆಯು ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಕರಕಲಾಗುತ್ತಾ ಹೋಗುತ್ತದೆ. ಕರಕಲನ್ನು ಕೆತ್ತಿ ಒಳಗೆ ಉಳಿದ ಗಟ್ಟಿ ಮರವನ್ನು ಅಳೆದಲ್ಲಿ ತೊಲೆಯನ್ನು ಉಳಿಸಬಹುದೇ ಎಂಬುದು ತಿಳಿಯುತ್ತದೆ. ದಪ್ಪ ತೊಲೆಗಳು ಹೊರಗೆ ಕಪ್ಪಾಗಿದ್ದರೂ ಒಳಗೆ ಗಟ್ಟಿಯಾಗಿರುವುದುಂಟು, ಅವಸರದಲ್ಲಿ ಮಾರಿಬಿಡಬಾರದು.

ಮಣ್ಣಿನ ಮಾಳಿಗೆ ಮನೆಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ ಒಣಗಿದ್ದಾಗಲೇ ಅದರ ತೂಕ ಸುಮಾರು ಆರೂವರೆಯಿಂದ ಏಳು ಟನ್. ಬೆಂಕಿ ನಂದಿಸಲು ಸುರಿದ ನೀರು ಅದನ್ನು ಮತ್ತಷ್ಟು ಭಾರವಾಗಿಸಿದರೆ, ಕೆಳಗಿನ ತೊಲೆಗಳು ಸುಟ್ಟು ತೆಳ್ಳಗಾಗಿರುತ್ತವೆ. ಬೆಂಕಿಯಲ್ಲಿ ಉಳಿದವರು ಮರುದಿನ ಛಾವಣಿ ಕುಸಿದು ಗಾಯಗೊಳ್ಳುವ ಅಪಾಯ ಇರುವುದು ಇಲ್ಲಿಯೇ. ಒಳಗಿನಿಂದ ಊರೆಗಂಬ ಕೊಟ್ಟು ಆಧಾರ ಒದಗಿಸುವವರೆಗೆ ಒಡವೆ, ಕಾಗದಪತ್ರಗಳಿಗಾಗಿಯೂ ಒಳಗೆ ಹೋಗಬಾರದು.

ವೆಚ್ಚ ತಗಲುವ ಬಗೆ

ಮೊದಲ ವೆಚ್ಚ ಅವಶೇಷ ಸಾಗಣೆಯದು. ಮೇಲೆ ಹೇಳಿದ ಕೋಣೆಯ ಮಾಳಿಗೆ ಮಣ್ಣು 150 ಘನ ಅಡಿ. ಅಗೆದಾಗ ಉಬ್ಬಿ ಇನ್ನೂ ಹೆಚ್ಚಾಗುತ್ತದೆ. ಸುಮಾರು 100 ಘನ ಅಡಿ ಹಿಡಿಯುವ ಟ್ರೇಲರಿನಲ್ಲಿ ಎರಡು ಸರದಿ ಬೇಕಾಗುತ್ತದೆ. ಹೀಗೆ ಅಳತೆಯಿಂದ ಲೆಕ್ಕ ಹಾಕಿದ ಅಂದಾಜು, ಒಟ್ಟು ಇಷ್ಟು ಎಂದು ಗುತ್ತಿಗೆ ಮಾತನಾಡುವುದಕ್ಕಿಂತ ಉತ್ತಮ. ಆಸ್‌ಬೆಸ್ಟಾಸ್ ತಗಡು ಒಡೆದಿದ್ದರೆ ಒಣಗಿದ ಚೂರುಗಳನ್ನು ಗುಡಿಸಬಾರದು. ನೀರು ಚಿಮುಕಿಸಿ, ಮೂಗು ಬಾಯಿಗೆ ಮುಖಗವಸು ಧರಿಸಿ, ಚೀಲದಲ್ಲಿ ಕಟ್ಟಿ ತೆಗೆಯಬೇಕು. ಅದರ ಎಳೆಗಳು ಶ್ವಾಸಕೋಶಕ್ಕೆ ಹಾನಿಕರ.

ಎರಡನೆಯದು ಮಸಿ. ವಿದ್ಯುತ್ ತಂತಿಯ ಹೊದಿಕೆ ಹಾಗೂ ಪ್ಲಾಸ್ಟಿಕ್ ಕೊಳವೆಗಳು ಉರಿದಾಗ ಬರುವ ಹೊಗೆಯು ತೇವದೊಡನೆ ಸೇರಿ ಆಮ್ಲವಾಗುತ್ತದೆ. ಸ್ಟೀಲು, ಹಿತ್ತಾಳೆ ಪಾತ್ರೆಗಳು, ಬೀಗ, ಕಿಟಕಿ ಸರಳು, ಹೊಲಿಗೆ ಯಂತ್ರ ಇವು ಕೆಲವೇ ದಿನಗಳಲ್ಲಿ ತುಕ್ಕು, ಕಲೆ ಹಿಡಿಯುವುದು ಇದರಿಂದಲೇ. ಆದುದರಿಂದ ಛಾಯಾಚಿತ್ರ ಮತ್ತು ಪಟ್ಟಿ ಆದ ಕೂಡಲೇ ಲೋಹದ ಸಾಮಾನುಗಳನ್ನು ತೊಳೆದು ಒರೆಸಿಡಬಹುದು. ಗೋಡೆಗಳನ್ನು ಮಾತ್ರ ಮಹಜರಿನ ನಂತರವೇ ಮುಟ್ಟಬೇಕು. ಗೋಡೆಯ ಮಸಿಗೆ ನೇರವಾಗಿ ನೀರು ಹಾಕಿದರೆ ಅದು ಗಾರೆಯೊಳಕ್ಕೆ ಇಳಿಯುತ್ತದೆ. ಮೊದಲು ಒಣ ಪೊರಕೆ ಅಥವಾ ಕುಂಚದಿಂದ ಮೇಲಿನಿಂದ ಕೆಳಕ್ಕೆ ಉದುರಿಸಿ, ಬಳಿಕ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯುವುದು ಸರಿಯಾದ ಕ್ರಮ.

ಹಬ್ಬ ಹತ್ತಿರವಿದೆಯೆಂದು ಮಸಿಯ ಮೇಲೆಯೇ ಸುಣ್ಣ ಬಳಿಸುವವರಿದ್ದಾರೆ. ಕಂದು ಕಲೆಯೂ ಹೊಗೆಯ ವಾಸನೆಯೂ ಮತ್ತೆ ಹೊರಬಂದು, ಅದೇ ಗೋಡೆಗೆ ಎರಡನೆಯ ಬಾರಿ ಹಣ ತೆರಬೇಕಾಗುತ್ತದೆ. ಮಣ್ಣಿನ ಗೋಡೆಯಾದರೆ ಮೇಲ್ಪದರವನ್ನು ಕೆರೆದು ಹೊಸದಾಗಿ ಮಣ್ಣು ಮೆತ್ತುವುದು ತೊಳೆಯುವುದಕ್ಕಿಂತ ಅಗ್ಗ. ಹೊಗೆ ಕುಡಿದ ಕಾಳು, ಹಿಟ್ಟು, ಔಷಧಿಗಳನ್ನು ಬಳಸತಕ್ಕದ್ದಲ್ಲ.

ಮೂರನೆಯದು ವಿದ್ಯುತ್ ತಂತಿ ಜೋಡಣೆ. ಸುಟ್ಟ ಭಾಗವನ್ನಷ್ಟೇ ಬದಲಿಸದೆ ಬಿಸಿ ತಾಗಿದ ತಂತಿಯನ್ನೆಲ್ಲ ಪರವಾನಗಿ ಹೊಂದಿದ ಗುತ್ತಿಗೆದಾರರಿಂದ ಬದಲಿಸಿ, ನಂತರ ಮರುಸಂಪರ್ಕ ಕೋರಬೇಕು. ಕಂಬದ ತಂತಿಯಿಂದಲೇ ಬೆಂಕಿ ತಗುಲಿದೆಯೆಂಬ ಅನುಮಾನವಿದ್ದಲ್ಲಿ ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಲಿಖಿತ ಮನವಿ ನೀಡಿ, ವಿದ್ಯುತ್ ಪರಿವೀಕ್ಷಕರ ಪರಿಶೀಲನೆಯನ್ನು ಕೋರಬಹುದು.

ವಿಮೆ ಹಾಗೂ ಅಡುಗೆ ಅನಿಲ

ಶುಚೀಕರಣಕ್ಕೆಂದೇ ಹಣ ದೊರೆಯುವ ಒಂದು ಮಾರ್ಗ ವಿಮೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಅವಶೇಷ ತೆರವಿಗೆ ಕ್ಲೇಮಿನ ಶೇ. 2ರವರೆಗೆ, ಎಂಜಿನಿಯರ್ ಮುಂತಾದವರ ಶುಲ್ಕಕ್ಕೆ ಶೇ. 5ರವರೆಗೆ ಅವಕಾಶವಿದೆ. ಗೃಹಸಾಲ ಪಡೆದವರು ತಮ್ಮ ಬ್ಯಾಂಕಿನಲ್ಲಿ ವಿಚಾರಿಸಬೇಕು. ಸಾಲದೊಂದಿಗೆ ಕಟ್ಟಡ ವಿಮೆ ಮಾಡಿಸಿರುವುದು ಎಷ್ಟೋ ಬಾರಿ ಮನೆಯವರಿಗೇ ನೆನಪಿರುವುದಿಲ್ಲ.

ಅಡುಗೆ ಅನಿಲ ಸಿಲಿಂಡರಿನಿಂದ ಅವಘಡ ಸಂಭವಿಸಿದಲ್ಲಿ ತೈಲ ಕಂಪನಿಗಳು ಮಾಡಿಸಿರುವ ಸಾರ್ವಜನಿಕ ಹೊಣೆಗಾರಿಕೆ ವಿಮೆಯಡಿ, ನೋಂದಾಯಿತ ವಿಳಾಸದ ಮನೆಯ ಆಸ್ತಿ ಹಾನಿಗೆ ಪ್ರತಿ ಘಟನೆಗೆ ಗರಿಷ್ಠ 2 ಲಕ್ಷ ರೂ. ಹಾಗೂ ಮರಣ ಸಂಭವಿಸಿದಲ್ಲಿ ಪ್ರತಿ ವ್ಯಕ್ತಿಗೆ 6 ಲಕ್ಷ ರೂ.ಗಳ ರಕ್ಷಣೆ ನೀಡುವುದಾಗಿ ಪ್ರಕಟವಾಗಿದೆ. ಇದಕ್ಕೆ ಗ್ರಾಹಕರು ಪ್ರತ್ಯೇಕ ಕಂತು ಕಟ್ಟಬೇಕಾಗಿಲ್ಲ. ವಿತರಕರಿಗೆ ತಕ್ಷಣ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಸಂಪರ್ಕ ಬೇರೆ ವಿಳಾಸದಲ್ಲಿದ್ದು ಸಿಲಿಂಡರ್ ಇನ್ನೊಂದು ಮನೆಯಲ್ಲಿದ್ದರೆ ಆಸ್ತಿ ಹಾನಿಯ ಕ್ಲೇಮಿಗೆ ತೊಡಕಾಗುತ್ತದೆ.

ಅರ್ಜಿ ಮತ್ತು ದಾಖಲೆಗಳು

ಅರ್ಜಿಯನ್ನು ತಹಶೀಲ್ದಾರರಿಗೆ ಸಂಬೋಧಿಸಿ, ಮನೆಯ ದಾಖಲೆ (ಇ-ಸ್ವತ್ತು ನಮೂನೆ 9 ಮತ್ತು 11 ಅಥವಾ ಪಂಚಾಯಿತಿ ಕರ ರಸೀದಿ), ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಛಾಯಾಚಿತ್ರಗಳು ಹಾಗೂ ಲಭ್ಯವಿರುವ ವರದಿಗಳೊಂದಿಗೆ ಸಲ್ಲಿಸಬೇಕು. ಈ ದಾಖಲೆಗಳೇ ಸುಟ್ಟುಹೋಗಿದ್ದರೆ ಆ ಸಂಗತಿಯನ್ನು ಪೊಲೀಸ್ ದೂರಿನಲ್ಲಿಯೇ ಬರೆಯಿಸತಕ್ಕದ್ದು. ನಕಲು ಪ್ರತಿ ಪಡೆಯುವಾಗ ಅದು ಆಧಾರವಾಗುತ್ತದೆ.

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಆದುದರಿಂದ ಒಂದೇ ಮನೆಯ ಕಾಗದಗಳಲ್ಲಿ ಮೂರು ಜಿಲ್ಲೆಗಳ ಹೆಸರು ಇರಬಹುದು. ಜಿಲ್ಲೆಯ ಹೆಸರು ಹಳೆಯದಾದ ಮಾತ್ರಕ್ಕೆ ದಾಖಲೆ ಅಸಿಂಧುವಾಗುವುದಿಲ್ಲ. ಅರ್ಜಿಯಲ್ಲಿ ಈಗಿನ ಜಿಲ್ಲೆಯನ್ನು ಬರೆದು, ಗ್ರಾಮದ ಹೆಸರು ಮತ್ತು ಸ್ವತ್ತಿನ ಸಂಖ್ಯೆ ಎಲ್ಲ ಕಾಗದಗಳಲ್ಲಿ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು.

ಪೆಟ್ಟಿಗೆಯಲ್ಲಿದ್ದ ನೋಟುಗಳು ಸುಟ್ಟು ಕರಕಲಾಗಿದ್ದರೆ ಅಥವಾ ಒಂದಕ್ಕೊಂದು ಅಂಟಿಕೊಂಡಿದ್ದರೆ ಅವುಗಳನ್ನು ಬಿಡಿಸಲು ಯತ್ನಿಸಬಾರದು. ಇಂತಹ ನೋಟುಗಳನ್ನು ಬ್ಯಾಂಕ್ ಶಾಖೆಗಳು ಬದಲಿಸಿಕೊಡುವುದಿಲ್ಲ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಭಾರತೀಯ ರಿಸರ್ವ್ ಬ್ಯಾಂಕಿನ ಕಚೇರಿಯಲ್ಲಿ ವಿಶೇಷ ವಿಧಾನದಂತೆ ಪರಿಶೀಲಿಸಿ ಅವುಗಳ ಮೌಲ್ಯ ನಿರ್ಧರಿಸಲಾಗುತ್ತದೆ. ಹತ್ತಿ ಹಾಸಿದ ಗಟ್ಟಿ ಡಬ್ಬಿಯಲ್ಲಿ, ಅಲುಗದಂತೆ ಇಟ್ಟು ಕೊಂಡೊಯ್ಯುವುದು.