ಹೊಕ್ಕುಳಬಳ್ಳಿಯ ನೆತ್ತರು: ಇಡುಗಂಟೋ, ದಾನವೋ?

ಹೊಕ್ಕುಳಬಳ್ಳಿಯನ್ನು ಕೊಯ್ದ ಬಳಿಕ ಮಾಸನ್ನು ಹಿತ್ತಲಲ್ಲಿ ಹೂಳುವುದು ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಹೀಗೆ ಮಣ್ಣುಪಾಲಾಗುತ್ತಿದ್ದ ವಸ್ತುವಿಗೆ ಈಗ ಬೆಲೆ ಬಂದಿದೆ. ಶಿವಗಂಗೆಯ ತಪ್ಪಲಿನ ಸೋಂಪುರ ಹೋಬಳಿಯಲ್ಲಿ ಕೈಗಾರಿಕೆಗಳು ತಲೆಯೆತ್ತಿ, ತರುಣ ದಂಪತಿಗಳು ಹೆರಿಗೆಗಾಗಿ ನೆಲಮಂಗಲ, ತುಮಕೂರು, ಬೆಂಗಳೂರುಗಳ ಆಸ್ಪತ್ರೆಗಳನ್ನು ಆಶ್ರಯಿಸತೊಡಗಿದ ಮೇಲೆ ಈ ಪ್ರಶ್ನೆ ಇಲ್ಲಿಯ ಗೃಹಸ್ಥರನ್ನೂ ಎದುರಾಗಿದೆ. ಬಳ್ಳಿಯಲ್ಲಿ ಉಳಿದ ನೆತ್ತರನ್ನು ಹಣ ತೆತ್ತು ತಮ್ಮ ಮಗುವಿಗೆಂದೇ ಕಾದಿರಿಸಬೇಕೆ? ಲೋಕೋಪಯೋಗಕ್ಕೆ ದಾನ ಮಾಡಬೇಕೆ? ಪ್ರಸವದ ದಿನ ಸಮೀಪಿಸಿರುವಾಗ ಬಣ್ಣದ ಕರಪತ್ರವೊಂದು ಕೈಗೆ ಬಂದರೆ, ತಂದೆಯಾಗುವವನು ಸಾಲ ಮಾಡಿಯಾದರೂ ಒಪ್ಪಿಬಿಡುವುದು ಸಹಜ. ಆದುದರಿಂದ ವಿಷಯವನ್ನು ಮುಂಚಿತವಾಗಿಯೇ ವಿಚಾರಿಸುವುದು ಮೇಲು.

ಈ ನೆತ್ತರಿನ ಮಹತ್ತ್ವ ಅದರಲ್ಲಿರುವ ಆಕರಕೋಶಗಳಿಂದ ಬಂದುದು. ಕೆಂಪು ಕಣ, ಬಿಳಿಯ ಕಣ, ರಕ್ತ ಹೆಪ್ಪುಗಟ್ಟಿಸುವ ಕಣ ಈ ಮೂರೂ ಹುಟ್ಟುವುದು ಇವುಗಳಿಂದಲೇ. ದೊಡ್ಡವರಲ್ಲಿ ಇವು ಮುಖ್ಯವಾಗಿ ಅಸ್ಥಿಮಜ್ಜೆಯಲ್ಲಿರುತ್ತವೆ. ಮಜ್ಜೆ ಕೆಟ್ಟ ರೋಗಿಗೆ ಹೊಂದಿಕೆಯಾಗುವ ಇನ್ನೊಬ್ಬರ ಆಕರಕೋಶಗಳನ್ನು ಕೊಟ್ಟರೆ ಅವು ಹೋಗಿ ಮಜ್ಜೆಯಲ್ಲಿ ನೆಲೆಸಿ ಹೊಸ ರಕ್ತವನ್ನು ಉತ್ಪಾದಿಸತೊಡಗುತ್ತವೆ. 1988ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ವೈದ್ಯೆ ಎಲಿಯಾನ್ ಗ್ಲುಕ್‌ಮನ್ ಅವರು ಫ್ಯಾಂಕೋನಿ ರಕ್ತಹೀನತೆಯೆಂಬ ವಂಶವಾಹಿ ರೋಗದಿಂದ ಬಳಲುತ್ತಿದ್ದ ಅಮೆರಿಕದ ಬಾಲಕನೊಬ್ಬನಿಗೆ ಹೊಕ್ಕುಳಬಳ್ಳಿಯ ನೆತ್ತರನ್ನಿತ್ತು ಗುಣಪಡಿಸಿದರು. ಇಂತಹ ಚಿಕಿತ್ಸೆಗಳಲ್ಲಿ ಇದೇ ಮೊದಲನೆಯದು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ನೆತ್ತರು ಬಾಲಕನದಲ್ಲ, ಆಗತಾನೆ ಹುಟ್ಟಿದ ಅವನ ತಂಗಿಯದು.

ಕಾದಿಡುವ ಸಂಸ್ಥೆಗಳ ಜಾಹೀರಾತುಗಳಲ್ಲಿ ಮಸುಕಾಗುವುದು ಈ ಅಂಶವೇ. ಥಲಸ್ಸೀಮಿಯಾದಂತಹ ರೋಗ ಮಗುವಿಗೆ ಹುಟ್ಟಿನಿಂದಲೇ ಬಂದುದಾದರೆ ಅದರ ದೋಷ ಮಗುವಿನ ಪ್ರತಿ ಕೋಶದಲ್ಲಿಯೂ ಇರುತ್ತದೆ. ಬಳ್ಳಿಯ ನೆತ್ತರಿನಲ್ಲಿಯೂ ಇರುತ್ತದೆ. ಬೀಜದಲ್ಲಿಯೇ ರೋಗವಿದ್ದ ಮೇಲೆ ಅದೇ ಬೀಜವನ್ನು ಮತ್ತೆ ಬಿತ್ತಿ ಫಲವೇನು? ಎಳೆಯ ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿಯೂ ರೋಗಕ್ಕೆ ಮೊದಲ ಹೆಜ್ಜೆಯಾದ ಕೋಶಗಳು ಹಲವೊಮ್ಮೆ ಹುಟ್ಟಿನ ವೇಳೆಗೇ ಇರುವುದುಂಟು. ಹೀಗೆ ಕಾದಿಟ್ಟ ನೆತ್ತರು ಮುಂದೆ ಆ ಮಗುವಿಗಾಗಲಿ ಮನೆಯವರಿಗಾಗಲಿ ಬಳಕೆಯಾಗುವ ಸಂಭವ ಸುಮಾರು 2,700ರಲ್ಲಿ ಒಂದು ಎಂದು ಅಮೆರಿಕದ ಪ್ರಸೂತಿತಜ್ಞರ ಸಂಘದ ಅಂದಾಜು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸ್ವೋಪಯೋಗಕ್ಕಾಗಿ ಕಾದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದೇ ಹೇಳಿದೆ. ಬಳ್ಳಿಯ ಅಂಗಾಂಶ, ಹಾಲುಹಲ್ಲು ಮೊದಲಾದವುಗಳ ಸಂಗ್ರಹಕ್ಕಂತೂ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅನುಮತಿಯೇ ಇಲ್ಲ.

ಇದನ್ನು ‘ಬ್ಯಾಂಕ್’ ಎನ್ನುವುದೂ ಅಷ್ಟಾಗಿ ಒಪ್ಪುವ ಮಾತಲ್ಲ. ಬ್ಯಾಂಕಿನಲ್ಲಿಟ್ಟವನಿಗೆ ಬಡ್ಡಿ ಬರುವುದು. ಇಲ್ಲಿ ಇಟ್ಟವನೇ ಬಾಡಿಗೆ ತೆರಬೇಕು. ಉಗ್ರಾಣವೆಂದರೆ ಸರಿಹೋದೀತು. ದ್ರವಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ ವರ್ಷಾನುವರ್ಷ ಕಾಯುವ ಕೆಲಸ ಅಗ್ಗವಾದುದಲ್ಲ ಎಂಬುದು ದಿಟ. ಆದರೆ ಒಂದು ಹೆರಿಗೆಯಲ್ಲಿ ದೊರೆಯುವ ನೆತ್ತರು ಮಿತವಾದುದು. ಅದರಲ್ಲಿರುವ ಕೋಶಗಳು ಎಳೆಯ ಮಗುವಿಗೆ ಸಾಲಬಹುದಾದರೂ ಬೆಳೆದ ಆಳಿಗೆ ಅನೇಕ ವೇಳೆ ಸಾಲುವುದಿಲ್ಲ.

ಹಾಗಾದರೆ ಕಾದಿಡುವುದು ಎಂದಿಗೂ ವ್ಯರ್ಥವೆ? ಅಲ್ಲ. ಮನೆಯಲ್ಲಿ ಥಲಸ್ಸೀಮಿಯಾದಂತಹ, ಆಕರಕೋಶದಿಂದ ಗುಣವಾಗಬಲ್ಲ ರೋಗವುಳ್ಳ ಹಿರಿಯ ಮಗುವಿದ್ದು, ತಾಯಿ ಮತ್ತೆ ಗರ್ಭಿಣಿಯಾಗಿದ್ದರೆ ಮಾತು ಬೇರೆ. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಿಕೆಯಾಗುವ ಸಂಭವ ನಾಲ್ಕರಲ್ಲಿ ಒಂದು. ಅಂತಹ ಮನೆಯವರು ಹೆರಿಗೆಗೆ ತಿಂಗಳುಗಳ ಮುಂಚೆಯೇ ರಕ್ತರೋಗ ತಜ್ಞರನ್ನು ಕಾಣತಕ್ಕದ್ದು.

ಇನ್ನು ದಾನದ ವಿಚಾರ. ನ್ಯೂಯಾರ್ಕಿನ ರಕ್ತಕೇಂದ್ರದಲ್ಲಿ ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ಸಾರ್ವಜನಿಕ ಸಂಗ್ರಹ ಆರಂಭವಾಯಿತು. ದಾನಿಗೆ ಖರ್ಚಿಲ್ಲ, ಕೊಟ್ಟ ಮೇಲೆ ತನ್ನದೆಂಬ ಹಕ್ಕೂ ಇಲ್ಲ, ಹೊಂದಿಕೆಯಾದ ಯಾವ ರೋಗಿಗಾದರೂ ಅದು ಸಲ್ಲುವುದು. ‘ಕರುಳುಬಳ್ಳಿ’ ಎಂಬ ಮಾತು ಕನ್ನಡದಲ್ಲಿ ರಕ್ತಸಂಬಂಧಕ್ಕೇ ನಿಂತುಹೋಗಿದೆ. ಆ ಬಳ್ಳಿ ಕಂಡರಿಯದವರ ಮನೆಗೂ ಹಬ್ಬಬಹುದೆಂಬುದು ಈ ವಿಜ್ಞಾನ ತಂದ ಹೊಸ ಅರ್ಥ. ಆದರೆ ಭಾರತದಲ್ಲಿ ಸಾರ್ವಜನಿಕ ಸಂಗ್ರಹಗಳು ಅತಿ ವಿರಳ. ಮೇಲಾಗಿ ಅಂತಹ ಸಂಗ್ರಹದೊಡನೆ ಏರ್ಪಾಡುಳ್ಳ ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕು. ಸೋಂಪುರದ ತಾಯಿಯೊಬ್ಬಳು ಮನಸಾರೆ ಕೊಡುತ್ತೇನೆಂದರೂ ಪಡೆಯುವ ಕೈ ಹತ್ತಿರದಲ್ಲಿ ದೊರೆಯುವುದು ದುರ್ಲಭ.

ಈ ಎರಡರ ನಡುವೆ ಮರೆತುಹೋಗುವ ಮೂರನೆಯ ಹಕ್ಕುದಾರನೊಬ್ಬನಿದ್ದಾನೆ. ಅವನು ಆಗತಾನೆ ಹುಟ್ಟಿದ ಕೂಸು! ಬಳ್ಳಿಯನ್ನು ಬಿಗಿಯುವ ಮುನ್ನ ತುಸು ತಡೆದರೆ, ಮಾಸಿನಲ್ಲಿರುವ ನೆತ್ತರು ಮೂರು ನಿಮಿಷಗಳೊಳಗೆ ಸುಮಾರು 80ರಿಂದ 100 ಮಿಲಿಲೀಟರಿನಷ್ಟು ಮಗುವಿನ ಮೈ ಸೇರುತ್ತದೆ. ಅದರೊಡನೆ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶವೂ ಸೇರುತ್ತದೆ. ಅವಸರದಿಂದ ಬಳ್ಳಿ ಕಟ್ಟುವುದು ಹಾನಿಕರವೆಂದು ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ಡಾರ್ವಿನ್ 1801ರಲ್ಲಿಯೇ ಬರೆದಿದ್ದನು. ಕನಿಷ್ಠ ಒಂದು ನಿಮಿಷವಾದರೂ ಕಾಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆಯಿದೆ. ಇಂತಹ ನಾಡಿನಲ್ಲಿ ಆ ನೆತ್ತರಿಗೆ ಮಗುವಿನ ಮೈಗಿಂತ ಉತ್ತಮವಾದ ಉಗ್ರಾಣ ಬೇರೊಂದಿಲ್ಲ. ಸಂಗ್ರಹದ ಚೀಲ ತುಂಬಲೆಂದು ಬಳ್ಳಿಯನ್ನು ಬೇಗನೆ ಬಿಗಿಯುವುದಂತೂ ಸರ್ವಥಾ ಸಲ್ಲದು.

ಹೆರಿಗೆಯಲ್ಲಿ ದಾನ ಮಾಡಲಾಗಲಿಲ್ಲವೆಂದು ಕೊರಗುವ ತಂದೆತಾಯಿಗಳಿಗೂ, ಶಾಲೆ ಬಿಟ್ಟು ಉದ್ಯೋಗ ಹಿಡಿದ ತರುಣರಿಗೂ ಇನ್ನೊಂದು ದಾರಿ ತೆರೆದಿದೆ. ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್ ಜರ್ಮನಿ ಮೂಲದ ಡಿ.ಕೆ.ಎಂ.ಎಸ್. ಸಂಸ್ಥೆಯೊಡನೆ ಕೂಡಿ 2019ರಲ್ಲಿ ಆಕರಕೋಶ ದಾನಿಗಳ ನೋಂದಣಿಯನ್ನು ಬೆಂಗಳೂರಿನಲ್ಲಿ ಆರಂಭಿಸಿತು. ಹದಿನೆಂಟು ತುಂಬಿದ ಆರೋಗ್ಯವಂತರು ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಸವರಿ ಕೊಟ್ಟರೆ ಅವರ ಗುರುತು ಪಟ್ಟಿಗೆ ಸೇರುತ್ತದೆ. ಹೊಂದಿಕೆಯಾಗುವ ರೋಗಿ ದೊರೆತಾಗ ಮಾತ್ರ ಕರೆ ಬರುತ್ತದೆ. ಆಗ ಸಾಮಾನ್ಯವಾಗಿ ತೋಳಿನ ರಕ್ತನಾಳದಿಂದಲೇ ಕೋಶಗಳನ್ನು ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ಮೈಗೆ ಹಿಂತಿರುಗಿಸುವರು. ಭಾರತೀಯ ರೋಗಿಗೆ ಹೊಂದಿಕೆ ದೊರೆಯುವ ಸಂಭವ ಭಾರತೀಯ ದಾನಿಗಳಲ್ಲಿಯೇ ಹೆಚ್ಚು. ಆದರೂ ಜನಸಂಖ್ಯೆಗೆ ಹೋಲಿಸಿದರೆ ಪಟ್ಟಿಯಲ್ಲಿರುವ ಭಾರತೀಯರು ತೀರ ಕಡಿಮೆ.