ಪ್ರೋಗ್ರಾಂ ಸಾಲುಗಳ ತೆರಪು: ಒಂದು ಕೀಲಿಯ ಉಪಯೋಗ ಮತ್ತು ಮಿತಿ

ಪ್ರೋಗ್ರಾಂ ಬರೆಯುವಾಗ ಸಾಲಿನ ಮೊದಲಲ್ಲಿ ಬಿಡುವ ತೆರಪಿಗೆ ಇಂಡೆಂಟೇಷನ್ ಎಂದು ಹೆಸರು. ಯಾವ ಸಾಲು ಯಾವುದಕ್ಕೆ ಅಧೀನವೆಂಬುದನ್ನು ಅದು ಕಣ್ಣಿಗೆ ತೋರಿಸುತ್ತದೆ. ಪದೇ ಪದೇ ತಿದ್ದುವುದರಿಂದ ಅಸ್ತವ್ಯಸ್ತವಾದ ತೆರಪನ್ನು ಒಂದೇ ಕೀಲಿಯಿಂದ ಸರಿಪಡಿಸಬಹುದು. ಈ ಸೌಕರ್ಯದ ಉಪಯೋಗವನ್ನೂ ಮಿತಿಯನ್ನೂ ನಾವು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಬ್ರಾಮ್ ಮೊಲೆನಾರ್ ಅವರು 1991ರಲ್ಲಿ ಹೊರತಂದ ವಿಮ್ ಎಂಬ ಎಡಿಟರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಸಮಚಿಹ್ನೆಯೇ ತೆರಪನ್ನು ಸರಿಪಡಿಸುವ ಆಜ್ಞೆ. ಅದನ್ನು ಎರಡು ಸಲ ಒತ್ತಿದರೆ ಕರ್ಸರ್ ಇರುವ ಸಾಲು ಮಾತ್ರ ಸರಿಹೋಗುತ್ತದೆ. ಸಣ್ಣ ‘ಜಿ’ ಎರಡು ಸಲ, ಸಮಚಿಹ್ನೆ, ಬಳಿಕ ದೊಡ್ಡ ‘ಜಿ’ ಒತ್ತಿದರೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಇಡೀ ಫೈಲು ಸರಿಹೋಗುತ್ತದೆ. ಈ ಆಜ್ಞೆಯನ್ನು ಬಳಕೆದಾರನು ಎಫ್7ನಂಥ ಯಾವುದಾದರೊಂದು ಕೀಲಿಗೆ ವಹಿಸಿಕೊಳ್ಳಬಹುದು.

ಸಿ ಭಾಷೆಯಲ್ಲಿ ಸಾಲುಗಳ ಗುಂಪನ್ನು ನಿರ್ಧರಿಸುವುದು ಪುಷ್ಪಾವರಣಗಳೇ ಹೊರತು ತೆರಪಲ್ಲ. ಆದಕಾರಣ ಅಲ್ಲಿ ಈ ಕೀಲಿಯು ನಿರಪಾಯಕರ. ಅಷ್ಟೇ ಅಲ್ಲ, ದೋಷವನ್ನು ಬಯಲಿಗೆಳೆಯುವುದೂ ಉಂಟು. 2014ರಲ್ಲಿ ಆಪಲ್ ಸಂಸ್ಥೆಯ ಸುರಕ್ಷಾ ಪ್ರೋಗ್ರಾಂನಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಂದಿದ್ದುದು ಬೆಳಕಿಗೆ ಬಂದಿತು. ಎರಡನೆಯದು ಮೇಲಿನ ‘ಇಫ್’ಗೆ ಅಧೀನವೆಂಬಂತೆ ಒಳಸರಿದು ಕಾಣುತ್ತಿತ್ತು. ಆವರಣವಿಲ್ಲದ ಕಾರಣ ಅದು ವಾಸ್ತವವಾಗಿ ಪ್ರತಿಬಾರಿಯೂ ಕಾರ್ಯಗತವಾಗಿ, ಸಹಿಯ ಪರಿಶೀಲನೆಯನ್ನೇ ತಪ್ಪಿಸುತ್ತಿತ್ತು. ತೆರಪನ್ನು ನಿಯಮಾನುಸಾರ ಸರಿಪಡಿಸಿದ್ದರೆ ಆ ಸಾಲು ಎಡಕ್ಕೆ ಸರಿದು ತನ್ನ ನಿಜವಾದ ಸ್ಥಾನವನ್ನು ತೋರಿಸುತ್ತಿತ್ತು.

ಪೈಥಾನ್ ಭಾಷೆಯ ಸ್ಥಿತಿ ಬೇರೆ. ಅಲ್ಲಿ ತೆರಪೇ ವ್ಯಾಕರಣ. ಅಂಕಗಳನ್ನು ಕೂಡಿಸುವ ಒಂದು ಆವರ್ತನವನ್ನು ಬರೆದು, ಮೊತ್ತವನ್ನು ಮುದ್ರಿಸುವ ಸಾಲನ್ನು ಅದರ ಕೆಳಗೆ ಇಟ್ಟೆವೆನ್ನೋಣ. ಆ ಸಾಲು ಒಳಗಿದ್ದರೆ ಪ್ರತಿ ಅಂಕಕ್ಕೂ ಮೊತ್ತ ಮುದ್ರಿತವಾಗುತ್ತದೆ. ಹೊರಗಿದ್ದರೆ ಕೊನೆಗೆ ಒಮ್ಮೆ ಮಾತ್ರ. ಎರಡೂ ಶುದ್ಧ ಪ್ರೋಗ್ರಾಂಗಳೇ. ತೆರಪು ಒಮ್ಮೆ ಅಳಿದರೆ ಬರೆದವನ ಉದ್ದೇಶವನ್ನು ಯಾವ ಕೀಲಿಯೂ ನಿಶ್ಚಯವಾಗಿ ಊಹಿಸಲಾರದು.

ಆದುದರಿಂದ ಇಂಥ ಕೀಲಿಯನ್ನು ಎಲ್ಲ ಫೈಲುಗಳಿಗೂ ಸಮಾನವಾಗಿ ಅನ್ವಯಿಸುವುದು ಯುಕ್ತವಲ್ಲ. ವಿಮ್‌ನಲ್ಲಿ ಅದನ್ನು ಒಂದೊಂದು ಭಾಷೆಯ ಫೈಲುಗಳಿಗೆ ಮಾತ್ರ ಸೀಮಿತಗೊಳಿಸುವ ಏರ್ಪಾಡುಂಟು. ಸಿ ಭಾಷೆಯನ್ನು ಕಲಿಯುವ ವಿದ್ಯಾರ್ಥಿಗಳು ಕೀಲಿಯನ್ನು ಒತ್ತಿದ ಮೇಲೆ ಯಾವ ಸಾಲು ಅನಿರೀಕ್ಷಿತವಾಗಿ ಸರಿಯಿತೆಂಬುದನ್ನು ಗಮನಿಸಬೇಕು. ತಪ್ಪು ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. ಪೈಥಾನ್ ಕಲಿಯುವವರು ಸಾಲನ್ನು ತಾವೇ ಓದಿ, ಅದರ ಸ್ಥಾನವನ್ನು ತಾವೇ ನಿರ್ಧರಿಸಬೇಕು.