ಹಗುರವಾದದ್ದೆಲ್ಲ ಸುಲಭದ ಪಿಸ್ತೂಲಲ್ಲ

ಅಮೆರಿಕದ ಶೂಟಿಂಗ್ ರೇಂಜ್‌ಗಳಿಗೆ ಗಂಡ-ಹೆಂಡತಿ ಜೊತೆಯಾಗಿ ಹೋಗುವುದು ಸಾಮಾನ್ಯ. ಬಹಳ ಸಲ ಅವನಿಗೆ ಅಭ್ಯಾಸವಿರುತ್ತದೆ, ಅವಳಿಗೆ ಎಲ್ಲವೂ ಹೊಸದು. ಬಾಡಿಗೆ ಪಿಸ್ತೂಲುಗಳನ್ನು ಸಾಲಾಗಿ ಇಟ್ಟ ಗಾಜಿನ ಕಪಾಟಿನ ಮುಂದೆ ನಿಂತು ಅವನು ಬೆರಳು ತೋರಿಸುವುದು ಅಂಗೈಯಲ್ಲಿ ಅಡಗುವಂಥ ಪುಟ್ಟ ಪಿಸ್ತೂಲಿನ ಕಡೆಗೆ. ಚಿಕ್ಕ ಕೈಗೆ ಚಿಕ್ಕ ಆಯುಧ ಎಂಬ ಲೆಕ್ಕ. ಅನುಭವಿ ತರಬೇತುದಾರರು ಮೊದಲು ತಿದ್ದುವುದು ಈ ಲೆಕ್ಕವನ್ನೇ.

ಲೆಕ್ಕ ಹಳೆಯದು. ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1902ರಲ್ಲೇ ‘ಲೇಡಿಸ್ಮಿತ್’ ಎಂಬ ಪುಟಾಣಿ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತ್ತು. 1921ರಲ್ಲಿ ಅದರ ತಯಾರಿಕೆ ನಿಂತಿತು; 1980ರ ದಶಕದ ಕೊನೆಯಲ್ಲಿ ಅದೇ ಹೆಸರು ಹೊಸ ಮಾದರಿಗಳ ಮೇಲೆ ಮತ್ತೆ ಬಂತು. ಆದರೆ ಹೆಣ್ಣಿನ ಹೆಸರಿಟ್ಟ ಮಾತ್ರಕ್ಕೆ ಪಿಸ್ತೂಲು ಅವಳ ಕೈಗೆ ಒಗ್ಗುವುದಿಲ್ಲ. ಕೈಗೆ ಒಗ್ಗಬೇಕಾದರೆ ತೂಕ, ಸ್ಪ್ರಿಂಗು, ಹಿಡಿ ಮತ್ತು ಟ್ರಿಗರ್ ನಾಲ್ಕೂ ಸರಿಹೊಂದಬೇಕು.

ಮೊದಲು ತೂಕ. ಗುಂಡು ಮುಂದಕ್ಕೆ ಚಿಮ್ಮುವಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ನನ ಮೂರನೇ ನಿಯಮವನ್ನು ಶಾಲೆಯಲ್ಲಿ ಓದಿದವರಿಗೆಲ್ಲ ಇದು ಗೊತ್ತು. ಗುಂಡು ಅದೇ ಆಗಿದ್ದರೆ, ಪಿಸ್ತೂಲು ಹಗುರವಾದಷ್ಟೂ ಒದೆತ ಜೋರು. ಜೇಬಿನಲ್ಲಿ ಇಟ್ಟುಕೊಳ್ಳಲೆಂದು 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ತೂಗುವುದು ಸುಮಾರು 270 ಗ್ರಾಂ. ಅದರ .380 ಗುಂಡು ಸಾಮಾನ್ಯವಾಗಿ ಆರು ಗ್ರಾಮಿಗಿಂತ ತುಸು ಹೆಚ್ಚು. ಎರಡೇ ಬೆರಳು ಕೂರುವ ಹಿಡಿ, ಮೋಟು ನಳಿಗೆ. ಪ್ರತಿ ಗುಂಡಿಗೂ ಅಂಗೈ ಚುರುಗುಟ್ಟುತ್ತದೆ. ಹೀಗೆ ಒಂದೆರಡು ಸಲ ಪೆಟ್ಟು ತಿಂದ ಹೊಸಬರು ಮುಂದಿನ ಗುಂಡಿಗೆ ಮೊದಲೇ ಬೆಚ್ಚಿ, ಟ್ರಿಗರ್ ಒತ್ತುವ ಕ್ಷಣದಲ್ಲೇ ಮಣಿಕಟ್ಟನ್ನು ಕೆಳಕ್ಕೆ ತಳ್ಳುತ್ತಾರೆ. ಒಮ್ಮೆ ಅಂಟಿದ ಈ ಚಾಳಿಯನ್ನು ಬಿಡಿಸಲು ಬಹಳ ಕಾಲ ಬೇಕು.

ಹಾಗಾಗಿ ಕಲಿಕೆಗೆ ಒಳ್ಳೆಯದು .22 ಎಲ್‌ಆರ್ ಗುಂಡಿನ, ಸ್ವಲ್ಪ ಭಾರದ ಪಿಸ್ತೂಲು. 1887ರಿಂದ ಬಳಕೆಯಲ್ಲಿರುವ ಈ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ, 9 ಮಿ.ಮೀ. ಗುಂಡಿನದು ಏಳೂವರೆ ಗ್ರಾಂ ಆಸುಪಾಸು. ಬೆಲೆಯೂ ಕಡಿಮೆ, ಅಂದರೆ ಅದೇ ದುಡ್ಡಿಗೆ ಹೆಚ್ಚು ಅಭ್ಯಾಸ. ರೂಗರ್ ಕಂಪನಿ 1949ರಲ್ಲಿ ತನ್ನ ಮೊದಲ ಉತ್ಪನ್ನವಾಗಿ ತಂದದ್ದು ಇಂಥದ್ದೇ ಪಿಸ್ತೂಲು. ಅದರ ವಂಶದ ಮಾರ್ಕ್ 4 ಮಾದರಿ 2016ರಲ್ಲಿ ಬಂದಾಗ, ಹಿಂಬದಿಯ ಒಂದು ಗುಂಡಿ ಒತ್ತಿದರೆ ಶುಚಿ ಮಾಡಲು ಬಿಚ್ಚಿಕೊಳ್ಳುವ ಅನುಕೂಲ ಸೇರಿತು. .22 ಎಂದರೆ ಮಕ್ಕಳಾಟ ಎಂದು ಮೂಗು ಮುರಿಯುವವರು ಒಲಿಂಪಿಕ್ಸ್ ನೋಡಬೇಕು. 1984ರ ಲಾಸ್ ಏಂಜಲೀಸ್ ಕೂಟದಿಂದ ನಡೆಯುತ್ತಿರುವ ಮಹಿಳೆಯರ 25 ಮೀಟರ್ ಸ್ಪರ್ಧೆಯಲ್ಲಿ ಬಳಸುವುದು .22 ಪಿಸ್ತೂಲನ್ನೇ. ಅದರ ತೂಕ 1,400 ಗ್ರಾಂವರೆಗೆ ಇರಬಹುದು, ಮರದ ಹಿಡಿಯನ್ನು ಆಟಗಾರ್ತಿಯ ಅಂಗೈಗೆ ತಕ್ಕಂತೆ ಕೆತ್ತಿಸಿಕೊಳ್ಳಬಹುದು. 2018ರ ಏಷ್ಯನ್ ಗೇಮ್ಸ್‌ನಲ್ಲಿ ರಾಹಿ ಸರ್ನೋಬತ್ ಚಿನ್ನ ಗೆದ್ದದ್ದು ಈ ವಿಭಾಗದಲ್ಲಿ.

ಎರಡನೆಯ ತೊಡಕು ಸ್ಲೈಡ್. ಪಿಸ್ತೂಲಿನ ಮೇಲ್ಭಾಗದ ಈ ಲೋಹದ ಕವಚವನ್ನು ಹಿಂದಕ್ಕೆಳೆದು ಬಿಟ್ಟರೆ ಮಾತ್ರ ಮೊದಲ ಗುಂಡು ನಳಿಗೆಗೆ ಸೇರುತ್ತದೆ. ಒಳಗಿನ ಸ್ಪ್ರಿಂಗು ಬಿಗಿಯಾಗಿದ್ದರೆ ಸಂಧಿವಾತದ ಬೆರಳುಗಳಿಗೆ ಇದು ಆಗದ ಕೆಲಸ. ಗುಂಡು ಚಿಕ್ಕದಾದರೆ ಸ್ಲೈಡ್ ಸಡಿಲ ಎನ್ನುವಂತೆಯೂ ಇಲ್ಲ. ಜೇಮ್ಸ್ ಬಾಂಡ್‌ನಿಂದ ಹೆಸರಾದ ವಾಲ್ಥರ್ ಪಿಪಿಕೆಯಂಥ ಹಳೆಯ ವಿನ್ಯಾಸಗಳಲ್ಲಿ ಒದೆತವನ್ನು ತಡೆಯುವುದು ಸ್ಲೈಡಿನ ತೂಕ ಮತ್ತು ಗಟ್ಟಿ ಸ್ಪ್ರಿಂಗು ಮಾತ್ರ. ಹೀಗಾಗಿ ಗುಂಡು ಚಿಕ್ಕದಾದರೂ ಎಳೆಯಲು ಬಲ ಬೇಕು.

ಈ ಕಷ್ಟಕ್ಕೆ ಉತ್ತರವೆಂಬಂತೆ ಸ್ಮಿತ್ ಅಂಡ್ ವೆಸ್ಸನ್ 2018ರಲ್ಲಿ ‘ಎಂ ಅಂಡ್ ಪಿ 380 ಶೀಲ್ಡ್ ಈಜ಼ಿ’ಯನ್ನು ತಂದಿತು. ತೂಕ ಐನೂರು ಗ್ರಾಮಿಗಿಂತ ತುಸು ಹೆಚ್ಚು, ಮ್ಯಾಗಜೀನಿಗೆ ಎಂಟು ಗುಂಡು. ಒಳಗೇ ಅಡಗಿದ ಸುತ್ತಿಗೆ, ಗುಂಡು ಹಾರುವ ಕ್ಷಣ ನಳಿಗೆ ಮತ್ತು ಸ್ಲೈಡನ್ನು ಬೆಸೆದು ಹಿಡಿಯುವ ರಚನೆ. ಇವೆರಡರಿಂದ ಸ್ಪ್ರಿಂಗನ್ನು ಮೆದುವಾಗಿಸಲು ಸಾಧ್ಯವಾಯಿತು. ಮ್ಯಾಗಜೀನಿನ ಪಕ್ಕದ ಚಿಕ್ಕ ಮೊಳೆಯನ್ನು ಹೆಬ್ಬೆರಳಿನಿಂದ ಇಳಿಸಿದರೆ ಗುಂಡು ತುಂಬುವುದೂ ಸಲೀಸು. ಬೆರಳಿನ ಬಲ ಕುಂದಿದ ಹಿರಿಯ ಗಂಡಸರಿಗೂ ಇದು ಅಷ್ಟೇ ಅನುಕೂಲದ್ದು.

ಸ್ಲೈಡ್ ಎಳೆಯುವುದರಲ್ಲಿ ವರಸೆಯೂ ಮುಖ್ಯ. ತೋರುಬೆರಳು-ಹೆಬ್ಬೆರಳಿನಲ್ಲಿ ಚಿವುಟಿ ಎಳೆಯುವ ಬದಲು, ಸ್ಲೈಡನ್ನು ಮೇಲಿನಿಂದ ಇಡೀ ಅಂಗೈಯಲ್ಲಿ ಹಿಡಿದು, ಪಿಸ್ತೂಲು ಹಿಡಿದ ಕೈಯನ್ನು ಮುಂದಕ್ಕೆ ತಳ್ಳಬೇಕು. ಆಗ ಭುಜ, ಎದೆಯ ಬಲ ಜೊತೆಗೂಡುತ್ತದೆ.

ರಿವಾಲ್ವರಿಗೆ ಸ್ಲೈಡಿನ ತಾಪತ್ರಯವಿಲ್ಲ. ಆದರೆ ಸುತ್ತಿಗೆಯನ್ನು ಮೊದಲೇ ಎಳೆದಿಡದೆ ಹಾರಿಸುವಾಗ ಟ್ರಿಗರ್ ಬೇಡುವ ಬಲ ನಾಲ್ಕೈದು ಕಿಲೋ. ಅಷ್ಟು ಒತ್ತುವಷ್ಟರಲ್ಲಿ ಹೊಸಬರ ಗುರಿ ಅಲುಗಿರುತ್ತದೆ.

ಇಷ್ಟಾದ ಮೇಲೆ ಹಿಡಿಯ ಪರೀಕ್ಷೆ. ಪಿಸ್ತೂಲು ಖಾಲಿ ಇದೆಯೆಂದು ತರಬೇತುದಾರರೂ ಅವಳೂ ಇಬ್ಬರೂ ನೋಡಿ ಖಚಿತಪಡಿಸಿಕೊಳ್ಳಬೇಕು. ನಳಿಗೆ ಮುಂಗೈಯ ನೇರಕ್ಕೆ ಇದ್ದಾಗ ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರಿಗೆ ತಾಕಿದರೆ ಅಳತೆ ಸರಿ. ಕೈ ತಿರುಚಿದರೆ ಮಾತ್ರ ತಾಕುತ್ತದೆ ಎಂದಾದರೆ ಅದು ಅವಳ ಪಿಸ್ತೂಲಲ್ಲ. ಇದನ್ನು ಗಂಡ ದೂರದಿಂದ ನೋಡಿ ಹೇಳಲಾರ, ಅಂಗಡಿಯವನೂ ಹೇಳಲಾರ. ನಾಲ್ಕೈದು ಮಾದರಿಗಳನ್ನು ಬಾಡಿಗೆಗೆ ಪಡೆದು ಹಾರಿಸಿ ನೋಡಿದವಳೇ ಹೇಳಬೇಕು. ಕಲಿಸುವ ಕೆಲಸವನ್ನೂ ಗಂಡ ಬೇರೆಯವರಿಗೆ ಬಿಡುವುದು ಕ್ಷೇಮ. 2011ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾದ ‘ಎ ಗರ್ಲ್ ಅಂಡ್ ಎ ಗನ್’ನಂಥ ಮಹಿಳಾ ಸಂಘಗಳಲ್ಲಿ ಹೆಂಗಸರಿಂದಲೇ ಹೆಂಗಸರು ಕಲಿಯುತ್ತಾರೆ.

ಮೊದಲ ದಿನದ ಕ್ರಮವೂ ಸರಳ. ದೊಡ್ಡ ಕಾಗದದ ಗುರಿ, ಮೂರರಿಂದ ಐದು ಮೀಟರ್ ದೂರ, ಮ್ಯಾಗಜೀನಿನಲ್ಲಿ ಒಂದೇ ಗುಂಡು. ಒದೆತಕ್ಕೆ ಬೆದರಿ ಬೆರಳು ಮತ್ತೆ ಟ್ರಿಗರ್ ಒತ್ತಿದರೂ ಎರಡನೆಯ ಗುಂಡು ಹಾರಬಾರದು ಎಂಬುದು ಉದ್ದೇಶ. ಗುಂಡಿನ ಸದ್ದು 140 ಡೆಸಿಬೆಲ್ ದಾಟುವುದರಿಂದ ಕಿವಿಯೊಳಗೆ ಬೆಣೆ, ಮೇಲೆ ಮುಚ್ಚಳ ಎರಡೂ ಇರಬೇಕು. ಗುಂಡಿನ ಸೀಸ ಕೈಗೆ ಮೆತ್ತುತ್ತದೆ, ಉಸಿರಿಗೂ ಸೇರುತ್ತದೆ. ಗರ್ಭಿಣಿಯರು ರೇಂಜ್‌ನಿಂದ ದೂರವಿರುವುದು ಒಳ್ಳೆಯದು.

ಭಾರತದಲ್ಲಿ ದಾರಿ ಬೇರೆ. 9 ಮಿ.ಮೀ. ಇಲ್ಲಿ ನಾಗರಿಕರಿಗೆ ನಿಷಿದ್ಧ, ಪರವಾನಗಿಯೂ ಅವರವರ ಹೆಸರಿಗೇ ಆಗಬೇಕು. ಪರವಾನಗಿಯಿಂದ ಕೊಡವರಿಗಿರುವ ವಿನಾಯಿತಿಯೂ ಉದ್ದ ಕೋವಿಗೆ ಸೀಮಿತ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನ ಹೆಣ್ಣುಮಕ್ಕಳ ಕೈಯಲ್ಲಿ ಇರುವುದು ಅದೇ ಕೋವಿ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದೇ ತಂದ ‘ನಿರ್ಭೀಕ್’ ಎಂಬ .32 ರಿವಾಲ್ವರಿನ ಹೆಚ್ಚುಗಾರಿಕೆಯಾಗಿ ಎತ್ತಿ ಹೇಳಿದ್ದೂ ಅರ್ಧ ಕಿಲೋ ತೂಕವನ್ನೇ. ಬರೀ ಗುರಿಯಾಟದ ಆಸೆಯಿದ್ದವರಿಗೆ ಊರಿನ ರೈಫಲ್ ಕ್ಲಬ್ಬಿನ 10 ಮೀಟರ್ ಏರ್ ಪಿಸ್ತೂಲು ಸಾಕು. ಅದರಲ್ಲಿ ಸಿಡಿಮದ್ದಿಲ್ಲ, ಒದೆತ ಇಲ್ಲವೆನ್ನುವಷ್ಟು ಕಡಿಮೆ, ಟ್ರಿಗರಿಗೆ ಬೇಕಾದ ಬಲ ಅರ್ಧ ಕಿಲೋದಷ್ಟು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಇಂಥ ಏರ್ ಪಿಸ್ತೂಲಿನಿಂದಲೇ.